ಅರ್ಧದಷ್ಟು ಮೀಸಲಾತಿ ಇದ್ದರೂ ಕೊಡಗಿನ ಗ್ರಾಮ ಪಂಚಾಯಿತಿಗಳಲ್ಲಿ ನಿರ್ಧಾರ ಗಂಡಸರದ್ದೇ ಏಕೆ?

ಅಧ್ಯಕ್ಷೆಯರ ಗಂಡಂದಿರ ಹಸ್ತಕ್ಷೇಪವೇ ಇದಕ್ಕೆ ಕಾರಣವೇ ಎಂದು ನೀವು ಕೇಳಿದ್ದೀರಿ. ವಿರಾಜಪೇಟೆ ಕಡೆಯ ಒಂದು ಪಂಚಾಯಿತಿಯಲ್ಲಿ ಸದಸ್ಯೆಯಾಗಿದ್ದ ನನಗೆ ಅದು ಸಮಸ್ಯೆಯ ಸಣ್ಣ ಭಾಗವಾಗಿಯೇ ಕಂಡಿದೆ.

ನಮ್ಮ ರಾಜ್ಯದಲ್ಲಿ ಮಹಿಳಾ ಮೀಸಲಾತಿ ಹೊಸದಲ್ಲ. ದೇಶದ ಪಂಚಾಯಿತಿಗಳಲ್ಲಿ ಮಹಿಳಾ ಮೀಸಲಾತಿಯನ್ನು ಕಡ್ಡಾಯ ಮಾಡಿದ ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ, 1987ರ ಮಂಡಲ ಪಂಚಾಯಿತಿ (ಈಗಿನ ಗ್ರಾಮ ಪಂಚಾಯಿತಿಗೂ ಹಿಂದಿನ ವ್ಯವಸ್ಥೆ) ಚುನಾವಣೆಯಲ್ಲಿ ಶೇ 25ರಷ್ಟು ಸ್ಥಾನಗಳು ಮಹಿಳೆಯರಿಗಿದ್ದವು. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಅದನ್ನು ಮೂರನೇ ಒಂದು ಭಾಗಕ್ಕೆ, 2010ರ ತಿದ್ದುಪಡಿ ಅರ್ಧಕ್ಕೆ ಏರಿಸಿತು. ಆದರೆ ಯಾವ ರಸ್ತೆಗೆ ಕಾಂಕ್ರೀಟ್, ಯಾವ ವಾರ್ಡಿಗೆ ಕೊಳವೆಬಾವಿ ಎಂಬ ಮಾತು ಸಭೆಗೆ ಬರುವ ಮುನ್ನವೇ ದೇವಸ್ಥಾನ ಸಮಿತಿಯಲ್ಲೋ ಸಹಕಾರ ಸಂಘದ ಜಗಲಿಯಲ್ಲೋ ತೋಟದ ಮನೆಯಲ್ಲೋ ಮುಗಿದಿರುತ್ತದೆ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯಿಲ್ಲದೆ ನಡೆಯುವುದರಿಂದ, ಮೀಸಲು ಸ್ಥಾನಕ್ಕೆ ಯಾರನ್ನು ನಿಲ್ಲಿಸಬೇಕೆಂದು ತೀರ್ಮಾನಿಸುವವರೂ ಬಹುಮಟ್ಟಿಗೆ ಅಲ್ಲಿ ಕೂರುವ ಗಂಡಸರೇ.

ಇದರ ಪೆಟ್ಟು ಎಲ್ಲ ಮಹಿಳೆಯರಿಗೂ ಒಂದೇ ಬಗೆಯಲ್ಲಿ ಬೀಳುವುದಿಲ್ಲ. ನನ್ನೊಂದಿಗಿದ್ದ ಯರವ ಬುಡಕಟ್ಟು ಸಮುದಾಯದ ಸದಸ್ಯೆಯೊಬ್ಬರು ಲೈನ್ ಮನೆಯಲ್ಲಿ, ಅಂದರೆ ತೋಟದ ಕಾರ್ಮಿಕರಿಗಾಗಿ ಸಾಲಾಗಿ ಕಟ್ಟಿದ ಮನೆಯಲ್ಲಿದ್ದವರು. ಅವರು ಕೆಲಸಕ್ಕೆ ಹೋಗುತ್ತಿದ್ದ ತೋಟದ ಮಾಲೀಕರೂ ಅದೇ ಪಂಚಾಯಿತಿಯ ಸದಸ್ಯರು. ಕಾಫಿ ಕೊಯ್ಲಿನ ದಿನಗಳಲ್ಲಿ ಸಭೆಗೆ ಬಂದರೆ ಕೂಲಿ ಹೋಗುತ್ತಿತ್ತು, ಬಂದರೂ ತಮ್ಮ ಸಾವ್ಕಾರರ ಮಾತಿಗೆ ಎದುರಾಡುವುದು ಹೇಗೆ? ಲೈನ್ ಮನೆಗಳಿಗೆ ಕುಡಿಯುವ ನೀರಿನ ಪೈಪ್ ಎಳೆಸುವ ವಿಷಯವನ್ನು ಅವರು ನನ್ನ ಕಿವಿಯಲ್ಲಿ ಹೇಳಿದರೇ ಹೊರತು ಸಭೆಯಲ್ಲಿ ಎತ್ತಲಿಲ್ಲ. ಅವರಿಗೆ ಧೈರ್ಯವಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅನ್ನ ಕೊಡುವ ಕೈಯೂ ಅಧಿಕಾರ ನಡೆಸುವ ಕೈಯೂ ಒಂದೇ ಆಗಿರುವಲ್ಲಿ ತರಬೇತಿ ಶಿಬಿರಗಳಿಂದ ಆಗುವುದು ಅಷ್ಟಕ್ಕಷ್ಟೆ.

ನಮ್ಮಲ್ಲಿ ಸ್ವಲ್ಪವಾದರೂ ಬದಲಾವಣೆ ತಂದದ್ದು ಸ್ವಸಹಾಯ ಸಂಘಗಳು. ವಾರದ ಉಳಿತಾಯಕ್ಕೆ ಸೇರುತ್ತಿದ್ದ ಹೆಂಗಸರು ನೀರಿನ ಬೇಡಿಕೆಯನ್ನು ಅರ್ಜಿಯಾಗಿ ಬರೆದು, ಹತ್ತಾರು ಸಹಿ ಹಾಕಿಸಿ ಗ್ರಾಮಸಭೆಗೆ ತಂದಾಗ, ಅದು ಒಬ್ಬ ಕೂಲಿಯಾಳಿನ ದೂರಾಗಿ ಉಳಿಯಲಿಲ್ಲ.

ನೀವು ಸ್ಪರ್ಧಿಸುವ ಯೋಚನೆಯಲ್ಲಿದ್ದರೆ, ಮೊದಲು ಅಂಥದೊಂದು ಸಂಘದ ಬೆಂಬಲ ಗಳಿಸಿಕೊಳ್ಳಿ. ಗೆದ್ದ ಮೇಲೆ ಕಾರ್ಯಸೂಚಿಯನ್ನು ಮುಂಚಿತವಾಗಿಯೇ ಕೇಳಿ ಪಡೆಯಿರಿ, ನಡಾವಳಿ ಪುಸ್ತಕವನ್ನು ಪೂರ್ತಿ ಓದದೆ ಸಹಿ ಹಾಕಬೇಡಿ. ಒಪ್ಪದ ನಿರ್ಣಯಕ್ಕೆ ನಿಮ್ಮ ವಿರೋಧವನ್ನು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರಿಂದ ಅದರಲ್ಲೇ ಬರೆಸಿ.