ಎಲೆತುದಿ ಸುಟ್ಟದ್ದು ನಲ್ಲಿ ನೀರಿನಿಂದಲೇ?

ಓದುಗರ ಪತ್ರ: ನಮ್ಮಲ್ಲಿ ಹಲ್ಲು ಹುಳುಕಾಗದಿರಲೆಂದು ಕುಡಿಯುವ ನೀರಿಗೆ ಲೀಟರಿಗೆ 0.7 ಮಿಲಿಗ್ರಾಂನಂತೆ ಫ್ಲೋರೈಡ್ ಬೆರೆಸುತ್ತಿದ್ದಾರೆ. ಅಲ್ಲಿಂದೀಚೆಗೆ ಕುಂಡದ ಡ್ರಸೀನಾ ಮತ್ತು ಸ್ಪೈಡರ್ ಪ್ಲಾಂಟ್‌ಗಳ ಎಲೆತುದಿ ಕಂದಾಗಿ ಒಣಗುತ್ತಿದೆ. ನೀರನ್ನು ರಾತ್ರಿಯಿಡೀ ತೆರೆದಿಟ್ಟೆ, ಕುದಿಸಿ ಆರಿಸಿಯೂ ಹಾಕಿದೆ, ಗುಣ ಕಾಣಲಿಲ್ಲ. ಕುಂಡದ ಪಾಡೇ ಹೀಗಾದರೆ ತರಕಾರಿ ಮಡಿ, ಹೊಳೆಯ ಮೀನು, ನೀರು ಕುಡಿಯಲು ಬರುವ ಹಕ್ಕಿಗಳ ಪಾಡೇನು?

ಸಂಪಾದಕರ ಉತ್ತರ:

ನಿಮ್ಮ ಅನುಮಾನ ಕುಂಡದ ಮಟ್ಟಿಗೆ ನಿಜವಿರಬಹುದು, ಹೊಲದ ಮಟ್ಟಿಗೆ ಬಹುತೇಕ ಅಲ್ಲ. ಹೊಳೆಯ ವಿಷಯ ಆ ಹೊಳೆಯ ನೀರು ಎಂಥದು ಎಂಬುದರ ಮೇಲಿದೆ. ನೀರಿನಲ್ಲಿ ಎಷ್ಟು ಫ್ಲೋರೈಡ್ ಇದೆ ಎನ್ನುವುದಕ್ಕಿಂತ, ಅದನ್ನು ಹಿಡಿದಿಡುವ ಸುಣ್ಣ, ಜೇಡಿಯಂಥವು ಅಲ್ಲಿ ಎಷ್ಟಿವೆ ಎನ್ನುವುದೇ ಇಲ್ಲಿ ದೊಡ್ಡ ಪ್ರಶ್ನೆ.

ಮೊದಲು ಕುಂಡವನ್ನೇ ನೋಡೋಣ. ಬೇರು ಹೀರಿದ ಫ್ಲೋರೈಡ್ ನೀರಿನ ಜೊತೆ ಎಲೆಗೆ ಏರುತ್ತದೆ. ಎಲೆಯಿಂದ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಮಾತ್ರ ತುದಿ ಮತ್ತು ಅಂಚಿನಲ್ಲಿ ಉಳಿಯುತ್ತದೆ. ಅಲ್ಲಿಂದ ಅದು ಗಿಡದ ಬೇರೆ ಭಾಗಕ್ಕೆ ಮರಳುವುದಿಲ್ಲವೆಂದೇ ಹೇಳಬೇಕು. ಹೀಗಾಗಿ ಕಡಿಮೆ ಪ್ರಮಾಣವೂ ತಿಂಗಳುಗಟ್ಟಲೆ ಕೂಡುತ್ತಾ ಹೋಗಿ ತುದಿಯನ್ನು ಸುಡುತ್ತದೆ. ಡ್ರಸೀನಾ, ಕಾರ್ಡಿಲೈನ್, ಸ್ಪೈಡರ್ ಪ್ಲಾಂಟ್, ಕೆಲವು ಲಿಲ್ಲಿಗಳು ಇದಕ್ಕೆ ಬೇಗ ಬಗ್ಗುವ ಗಿಡಗಳು. ಹೂದಾನಿಯಲ್ಲಿಟ್ಟ ಗ್ಲಾಡಿಯೋಲಸ್ ಮತ್ತು ಜರ್ಬೆರಾ ಹೂಗಳಿಗೆ ಲೀಟರಿಗೆ 1 ಮಿ.ಗ್ರಾಂ ಆಸುಪಾಸಿನ ಫ್ಲೋರೈಡೇ ಸಾಕು, ಬೇಗ ಕೆಡುತ್ತವೆ.

ನೀವು ಮಾಡಿದ ಎರಡು ಉಪಾಯಗಳೂ ಫಲ ಕೊಡುವಂಥವಲ್ಲ. ತೆರೆದಿಟ್ಟರೆ ಹಾರಿಹೋಗುವುದು ಕ್ಲೋರಿನ್, ಫ್ಲೋರೈಡ್ ಅಲ್ಲ. ಕುದಿಸಿದರಂತೂ ಅದು ಇನ್ನಷ್ಟು ಗಟ್ಟಿಯಾಗುತ್ತದೆ: 4 ಲೀಟರ್ ನೀರು ಕುದಿದು 3 ಲೀಟರ್ ಆದರೆ 0.7 ಇದ್ದದ್ದು 0.93 ಆಯಿತು. ಇದ್ದಿಲಿನ ಫಿಲ್ಟರ್‌ನಿಂದಲೂ ಹೇಳಿಕೊಳ್ಳುವಷ್ಟು ಪ್ರಯೋಜನವಿಲ್ಲ. ಗಡಸು ನೀರನ್ನು ಮೆದುಮಾಡಲು ಉಪ್ಪು ಹಾಕಿ ನಡೆಸುವ ವಾಟರ್ ಸಾಫ್ಟನರ್ ಇನ್ನೂ ಕೆಟ್ಟದ್ದು; ಫ್ಲೋರೈಡ್ ತೆಗೆಯುವುದಿಲ್ಲ, ಮೇಲೆ ಸೋಡಿಯಂ ಬೇರೆ ಸೇರಿಸುತ್ತದೆ. ಮಳೆನೀರು ಅಥವಾ ಆರ್‌ಓ ನೀರು ಸರಿ. ಪೂರ್ತಿ ಬದಲಿಸಬೇಕೆಂದಿಲ್ಲ, ನಲ್ಲಿ ನೀರಿಗೆ ಅಷ್ಟೇ ಮಳೆನೀರು ಬೆರೆಸಿದರೂ ಪ್ರಮಾಣ ಸುಮಾರು 0.35ಕ್ಕೆ ಇಳಿಯುತ್ತದೆ.

ಆದರೆ ನೀರಿನ ಮೇಲೆ ತಪ್ಪು ಹೊರಿಸುವ ಮೊದಲು ಕುಂಡಕ್ಕೆ ಹಾಕಿದ ಗೊಬ್ಬರದ ಲೆಕ್ಕ ನೋಡಿ. ವಾರಕ್ಕೆ 1 ಲೀಟರ್ ನೀರು ಕುಡಿಯುವ ಕುಂಡಕ್ಕೆ ವರ್ಷಕ್ಕೆ 52 ಲೀಟರ್, ಅಂದರೆ 36 ಮಿ.ಗ್ರಾಂ ಫ್ಲೋರೈಡ್ ಹೋಗುತ್ತದೆ. ಸೂಪರ್ ಫಾಸ್ಫೇಟ್ ತಯಾರಾಗುವುದು ಫ್ಲೋರಿನ್ ಇರುವ ಶಿಲಾರಂಜಕದಿಂದ (ರಾಕ್ ಫಾಸ್ಫೇಟ್), ಅದರಲ್ಲಿ ಶೇ. 1ರಿಂದ 2ರಷ್ಟು ಫ್ಲೋರೈಡ್ ಉಳಿದಿರುತ್ತದೆ. ಶೇ. 1.5 ಎಂದು ಹಿಡಿದರೆ 5 ಗ್ರಾಂ ಗೊಬ್ಬರದಲ್ಲೇ 75 ಮಿ.ಗ್ರಾಂ! ಎರಡು ವರ್ಷದ ನೀರು ತರುವುದಕ್ಕಿಂತ ಹೆಚ್ಚಿನದು ಒಂದು ಚಮಚದಲ್ಲಿ ಬಂತು. ಕುಂಡದ ಮಣ್ಣು ಹಗುರಾಗಲೆಂದು ಬೆರೆಸುವ ಬಿಳಿ ಹರಳು ಪರ್ಲೈಟ್‌ನಲ್ಲೂ ಸ್ವಲ್ಪ ಫ್ಲೋರೈಡ್ ಇರುತ್ತದೆ. ಬಳಸುವ ಮೊದಲು ಎರಡು ಮೂರು ಸಲ ನೀರಲ್ಲಿ ತೊಳೆದು ಬಸಿಯಿರಿ.

ಕುಂಡದ ಮಿಶ್ರಣದ ಪಿಎಚ್ (ಹುಳಿ-ಕ್ಷಾರದ ಅಳತೆ; 7ಕ್ಕಿಂತ ಕೆಳಗಿದ್ದರೆ ಹುಳಿ) 5.5ಕ್ಕಿಂತ ಕೆಳಗಿದ್ದರೆ ಫ್ಲೋರೈಡ್ ಕರಗಿದ ರೂಪದಲ್ಲೇ ಉಳಿದು ಬೇರಿಗೆ ಸುಲಭವಾಗಿ ಸಿಗುತ್ತದೆ. ಪಿಎಚ್ 6ರಿಂದ 6.5ಕ್ಕೆ ಬಂದು ಸುಣ್ಣದಂಶ ಸಾಕಷ್ಟಿದ್ದರೆ ಹೆಚ್ಚಿನ ಪಾಲು ಅಲ್ಲೇ ಕಟ್ಟಿಹಾಕಿದಂತಾಗುತ್ತದೆ. ಪೀಟ್ (ಜೌಗಿನಲ್ಲಿ ಕೊಳೆತ ಪಾಚಿಯ ಪುಡಿ) ಹೆಚ್ಚಿರುವ ಹುಳಿ ಮಿಶ್ರಣಕ್ಕೆ ಲೀಟರಿಗೆ 3ರಿಂದ 4 ಗ್ರಾಂ ಡೋಲಮೈಟ್ ಎಂಬ ಸುಣ್ಣಕಲ್ಲಿನ ಪುಡಿ, ಅಂದರೆ 5 ಲೀಟರಿನ ಕುಂಡಕ್ಕೆ 15ರಿಂದ 20 ಗ್ರಾಂ, ಗಿಡ ನೆಡುವಾಗಲೇ ಬೆರೆಸಿ. ಪಿಎಚ್ ನೋಡದೆ ಸುರಿಯಬೇಡಿ. 7 ದಾಟಿದರೆ ಕಬ್ಬಿಣ ಬೇರಿಗೆ ಸಿಗದಂತಾಗಿ ಹೊಸ ಎಲೆಗಳು ಹಳದಿಯಾಗುತ್ತವೆ. ಒಂದು ರೋಗ ಹೋಗಿ ಇನ್ನೊಂದು ಬಂತು.

ತುದಿ ಸುಡುವುದಕ್ಕೆ ಬೇರೆ ಕಾರಣಗಳೂ ಉಂಟು. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದ್ದರೆ ಉಪ್ಪಿನ ಮೇಲೆ ಅನುಮಾನಪಡಿ. ಎಲೆ ಪೂರ್ತಿ ಮುರುಟಿಕೊಂಡರೆ ನೀರಿನ ಕೊರತೆ. ಫ್ಲೋರೈಡ್‌ನ ಸುಡು ತುದಿಯಿಂದ ಶುರುವಾಗಿ ಅಂಚಿಗುಂಟ ಹಬ್ಬುತ್ತದೆ. ಸತ್ತ ಕಂದು ಭಾಗಕ್ಕೂ ಹಸಿರಿಗೂ ನಡುವೆ ಗೆರೆ ಎಳೆದಂತಿರುತ್ತದೆ, ಕೆಲವೊಮ್ಮೆ ಅಲ್ಲೊಂದು ಹಳದಿ ಪಟ್ಟಿ. ಖಚಿತವಾಗಬೇಕಾದರೆ ಒಂದೇ ತಾಯಿಗಿಡದ ಎರಡು ಮರಿಗಳನ್ನು ಒಂದೇ ಮಿಶ್ರಣದಲ್ಲಿ ನೆಟ್ಟು, ಒಂದಕ್ಕೆ ಮಳೆನೀರು, ಇನ್ನೊಂದಕ್ಕೆ ನಲ್ಲಿ ನೀರು ಎಂಟು ಹತ್ತು ವಾರ ಹಾಕಿ. ನೋಡಬೇಕಾದದ್ದು ಆ ಅವಧಿಯಲ್ಲಿ ಬಂದ ಹೊಸ ಎಲೆಗಳನ್ನು ಮಾತ್ರ. ಸುಟ್ಟ ತುದಿ ಮತ್ತೆ ಹಸಿರಾಗುವುದಿಲ್ಲ.

ತರಕಾರಿ ಮಡಿ ಮತ್ತು ಹೊಲಕ್ಕೆ ಬಂದರೆ ಚಿತ್ರವೇ ಬೇರೆ. ಒಂದು ಹೆಕ್ಟೇರಿಗೆ ವರ್ಷದಲ್ಲಿ 500 ಮಿ.ಮೀ. ನೀರು ಹಾಯಿಸಿದರೆ 50 ಲಕ್ಷ ಲೀಟರ್, 0.7ರಂತೆ 3.5 ಕಿಲೋ ಫ್ಲೋರೈಡ್. ಅದೇ ಹೆಕ್ಟೇರಿನ ಮೇಲಿನ 20 ಸೆಂ.ಮೀ. ಮಣ್ಣು ಸುಮಾರು 26 ಲಕ್ಷ ಕಿಲೋ ತೂಗುತ್ತದೆ. ಕಿಲೋ ಮಣ್ಣಿನಲ್ಲಿ 300 ಮಿ.ಗ್ರಾಂ ಫ್ಲೋರೈಡ್ ಇರುವುದು ಲೋಕದ ಹೆಚ್ಚಿನ ಕಡೆ ಮಾಮೂಲು. ಅಂದರೆ 780 ಕಿಲೋ ಮೊದಲೇ ಅಲ್ಲಿದೆ, ಬಹುಪಾಲು ಜೇಡಿ ಮತ್ತು ಅಲ್ಯೂಮಿನಿಯಂ, ಕಬ್ಬಿಣದ ಆಕ್ಸೈಡ್‌ಗಳಿಗೆ ಅಂಟಿಕೊಂಡು. ನೀರಾವರಿ ನೀರಿಗೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸೂಚಿಸಿರುವ ಮಿತಿ ಲೀಟರಿಗೆ 1 ಮಿ.ಗ್ರಾಂ. ನಿಮ್ಮ ನಲ್ಲಿ ನೀರು ಅದರೊಳಗೇ ಇದೆ. ಟೊಮೆಟೊ, ಹುರುಳಿಕಾಯಿ, ಸೊಪ್ಪು ಬೆಳೆಯಲು ಹೆದರಬೇಕಾಗಿಲ್ಲ. ಎಚ್ಚರ ಬೇಕಾದದ್ದು ಹುಳಿಯಾದ ಮರಳು ಮಣ್ಣಿನಲ್ಲಿ, ಮತ್ತೆ ಸೋಡಿಯಂ ಹೆಚ್ಚಿದ ಕ್ಷಾರ ಮಣ್ಣಿನಲ್ಲಿ. ಅಲ್ಲಿ ಅಂಟಿದ್ದ ಫ್ಲೋರೈಡ್ ಬಿಟ್ಟುಕೊಳ್ಳುತ್ತದೆ. ಚಹಾ ಗಿಡವಂತೂ ಹುಳಿ ಮಣ್ಣಿನಿಂದ ಎಳೆದೆಳೆದು ಬಲಿತ ಎಲೆಯಲ್ಲಿ ರಾಶಿ ಹಾಕಿಕೊಳ್ಳುತ್ತದೆ. ಅದಕ್ಕೆ ನಲ್ಲಿ ನೀರೇನೂ ಬೇಕಿಲ್ಲ.

ಮೀನಿನ ವಿಷಯದಲ್ಲಿ ನಾನು ಇಷ್ಟು ಧೈರ್ಯ ಹೇಳಲಾರೆ. ಸಮುದ್ರದ ನೀರಿನಲ್ಲಿ ಲೀಟರಿಗೆ 1.3 ಮಿ.ಗ್ರಾಂ ಫ್ಲೋರೈಡ್ ಸಹಜವಾಗಿಯೇ ಇದೆ, ಮೀನುಗಳು ಬದುಕಿವೆ. ಅಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಲೋರೈಡ್ ಧಾರಾಳ. ಇವು ಕಡಿಮೆಯಿರುವ ಮೆದು ನೀರಿನ ತೊರೆಗೆ ಆ ರಕ್ಷಣೆ ಇಲ್ಲ. ಸಿಹಿನೀರಿನ ಜೀವಿಗಳಿಗಾಗಿ ಕೆನಡಾ ಇಟ್ಟುಕೊಂಡ ಮಾರ್ಗಸೂಚಿ 0.12 ಮಿ.ಗ್ರಾಂ, ಕುಡಿಯುವ ನೀರಿಗೆ ಬೆರೆಸುವ ಪ್ರಮಾಣದ ಆರನೇ ಒಂದು ಭಾಗ. 1980ರ ದಶಕದಲ್ಲಿ ಅಮೆರಿಕದ ಕೊಲಂಬಿಯಾ ನದಿಯ ಜಾನ್ ಡೇ ಅಣೆಕಟ್ಟಿನ ಬಳಿ ಅಲ್ಯೂಮಿನಿಯಂ ಕಾರ್ಖಾನೆಯ ತ್ಯಾಜ್ಯದಿಂದ ಫ್ಲೋರೈಡ್ 0.5ರ ಆಸುಪಾಸಿಗೆ ಏರಿದಾಗ ಸಾಲ್ಮನ್ ಮೀನುಗಳು ಅಣೆಕಟ್ಟು ದಾಟಲು ತಡಮಾಡುತ್ತಿದ್ದವು. ವಿಸರ್ಜನೆ ತಗ್ಗಿದ ಮೇಲೆ ಆ ತಡವೂ ತಗ್ಗಿತು. ಅದು ಕಾರ್ಖಾನೆಯ ನೀರು, ಊರಿನ ನೀರಲ್ಲ, ನಿಜ. ಆದರೆ ಮಾಮೂಲು ಚರಂಡಿ ಶುದ್ಧೀಕರಣದಲ್ಲಿ ಫ್ಲೋರೈಡ್ ಹೆಚ್ಚೇನೂ ಇಳಿಯುವುದಿಲ್ಲ. 0.1 ಇರುವ ಹೊಳೆಯ ಒಂಬತ್ತು ಪಾಲಿಗೆ 0.9 ಇರುವ ಶುದ್ಧೀಕರಿಸಿದ ನೀರು ಒಂದು ಪಾಲು ಸೇರಿದರೆ 0.18. ಬೇಸಿಗೆಯಲ್ಲಿ ಹೊಳೆ ಬತ್ತಿ ಎರಡೂ ನೀರು ಸಮಪಾಲಾದರೆ 0.5. ಹಾಗಾಗಿ ಅಳೆಯಬೇಕಾದದ್ದು ಬೇಸಿಗೆಯ ಕೊನೆಯಲ್ಲಿ, ನೀರು ಸೇರುವ ಜಾಗದಿಂದ ಮೇಲೆ ಒಂದು ಕಡೆ, ಕೆಳಗೆ ಒಂದು ಕಡೆ. ಜೊತೆಗೆ ನೀರಿನ ಗಡಸುತನವನ್ನೂ, ಅಂದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಷ್ಟಿದೆ ಎಂಬುದನ್ನೂ, ಅಳೆಯಿರಿ. ಅದಿಲ್ಲದೆ ಫ್ಲೋರೈಡ್‌ನ ಅಂಕಿಗೆ ಅರ್ಥವಿಲ್ಲ.

ಮನೆಯ ಕೊಳದ ಮೀನು ಹೊಸ ನೀರು ತುಂಬಿದ ದಿನವೇ ಸತ್ತರೆ ಮೊದಲ ಅನುಮಾನ ಕ್ಲೋರಿನ್ ಮೇಲಿರಲಿ. ಅದು ಲೀಟರಿಗೆ 0.02 ಮಿ.ಗ್ರಾಂ ಇದ್ದರೂ ಮೀನಿಗೆ ಅಪಾಯ.

ದನಗಳಿಗೂ ಕಾಡುಪ್ರಾಣಿಗಳಿಗೂ ಹಲ್ಲು ಸವೆದು ಮೂಳೆ ಗಂಟುಕಟ್ಟುವ ಫ್ಲೋರೋಸಿಸ್ ಬಂದಿರುವುದು ಕುಲುಮೆಗಳ ಸುತ್ತ, ಜ್ವಾಲಾಮುಖಿಯ ಬೂದಿ ಬಿದ್ದ ಹುಲ್ಲುಗಾವಲಿನಲ್ಲಿ, ಇಲ್ಲವೇ ನೆಲದೊಳಗಿನಿಂದಲೇ ಫ್ಲೋರೈಡ್ ಹೆಚ್ಚಿರುವ ಕೊಳವೆಬಾವಿಗಳ ಬಳಿ. 1783ರಲ್ಲಿ ಐಸ್‌ಲ್ಯಾಂಡಿನ ಲಾಕಿ ಸ್ಫೋಟದ ನಂತರ ಕುರಿಗಳು ಹಿಂಡುಹಿಂಡಾಗಿ ಸತ್ತದ್ದು ಹುಲ್ಲಿನ ಮೇಲೆ ಕೂತ ಫ್ಲೋರಿನ್‌ನಿಂದಲೂ ಹೌದು. ಜಾನುವಾರು ಕುಡಿಯುವ ನೀರಿಗೆ ಸಾಮಾನ್ಯವಾಗಿ ಇಡುವ ಮಿತಿ 2 ಮಿ.ಗ್ರಾಂ. ದಿನಕ್ಕೆ 60 ಲೀಟರ್ ಕುಡಿಯುವ ಹಸುವಿಗೆ ನಿಮ್ಮ ನೀರಿನಿಂದ ಸಿಗುವುದು 42 ಮಿ.ಗ್ರಾಂ. ಒಣ ಮೇವಿನ ಕಿಲೋಗೆ 40 ಮಿ.ಗ್ರಾಂವರೆಗೆ ಹಸು ತಾಳುತ್ತದೆ. 15 ಕಿಲೋ ಮೇವಿಗೆ ಅದು 600 ಮಿ.ಗ್ರಾಂ ಆಯಿತು.

ಹಕ್ಕಿಗಳ ಬಟ್ಟಲಿಗೆ ಒಂದೇ ಮಾತು: ಆವಿಯಾದಷ್ಟನ್ನೇ ಮತ್ತೆ ಮತ್ತೆ ತುಂಬಿಸುತ್ತಾ ಹೋಗಬೇಡಿ. 0.7ರ ನೀರು ಕಾಲುಭಾಗಕ್ಕೆ ಇಳಿದಾಗ 2.8 ಆಗಿರುತ್ತದೆ, ಅದರ ಮೇಲೆ ಸುರಿದರೆ ಹಳೆಯದು ಕೂಡುತ್ತಲೇ ಹೋಗುತ್ತದೆ. ದಿನಾ ಚೆಲ್ಲಿ, ತಿಕ್ಕಿ ತೊಳೆದು, ಹೊಸ ನೀರು ಇಡಿ. ಚೆಲ್ಲುವ ನೀರನ್ನು ಡ್ರಸೀನಾ ಕುಂಡಕ್ಕೆ ಮಾತ್ರ ಹಾಕಬೇಡಿ.