ಬರೆಯುವುದು ನಮಗಾ, ಗೂಗಲ್‌ಗಾ?

ಪ್ರಿಯ ಓದುಗರೇ,

ಗ್ರಹಣದ ಹೊತ್ತು ತಿಳಿಯಲು ನಮ್ಮ ವೆಬ್‌ಸೈಟ್ ತೆರೆದಿರಿ. ಸಮಯ ಸಿಕ್ಕಿದ್ದು ಐದನೇ ಪ್ಯಾರಾದಲ್ಲಿ. ಅಷ್ಟರೊಳಗೆ ‘ಗ್ರಹಣ ಯಾವಾಗ?’ ಅನ್ನುವ ಪ್ರಶ್ನೆಯನ್ನೇ ನಾಲ್ಕು ಸಲ ಓದಬೇಕಾಯಿತು. ‘ಇದನ್ನು ಬರೆದದ್ದು ನಮಗಾ, ಗೂಗಲ್‌ಗಾ?’ ಎಂದು ಕೇಳಿದ್ದೀರಿ. ಮುಚ್ಚುಮರೆ ಯಾಕೆ, ಇಬ್ಬರಿಗೂ.

ಡೆಸ್ಕ್‌ನವರು ತಲೆಬರಹ ಕೊಡುವ ಮುಂಚೆ, ಜನ ಏನು ಹುಡುಕುತ್ತಿದ್ದಾರೆ ಎಂದು ತೋರಿಸುವ ಗೂಗಲ್ ಟ್ರೆಂಡ್ಸ್ ನೋಡುತ್ತಾರೆ. ಜನ ಯಾವ ಮಾತಿನಲ್ಲಿ ಹುಡುಕುತ್ತಾರೋ ಅದೇ ಮಾತು ತಲೆಬರಹಕ್ಕೆ ಬರುತ್ತದೆ. ‘ಚಂದಿರನಿಗೆ ಮುಸುಕು’ ಅಂತ ಯಾರೂ ಹುಡುಕುವುದಿಲ್ಲ, ಅಲ್ವಾ? ಅದು ಅಚ್ಚಿನ ಸಂಚಿಕೆಗೆ ಚೆಂದ. ವೆಬ್‌ಗೆ ‘ಚಂದ್ರಗ್ರಹಣ ಎಷ್ಟು ಗಂಟೆಗೆ? ಎಲ್ಲೆಲ್ಲಿ ಕಾಣುತ್ತೆ?’ ಇದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಹುಡುಕಿದವರಿಗೆ ಸಿಗಬೇಕು.

ಉತ್ತರವನ್ನು ಕೆಳಕ್ಕೆ ತಳ್ಳುವುದು ಮಾತ್ರ ಬೇರೆಯೇ ಲೆಕ್ಕ. ಮೊದಲ ಸಾಲಲ್ಲೇ ಸಮಯ ಹೇಳಿದರೆ ಓದುಗರು ಹೊರಟುಬಿಡುತ್ತಾರೆ. ಕೆಳಗಿಳಿಯುತ್ತಾ ಹೋದರೆ ಪುಟದಲ್ಲಿ ಕಳೆದ ಹೊತ್ತು ಜಾಸ್ತಿ, ಕಣ್ಣಿಗೆ ಬೀಳುವ ಜಾಹೀರಾತೂ ಜಾಸ್ತಿ. ಆಸಕ್ತಿಯಿಂದ ಓದುತ್ತಿದ್ದಾರೋ, ಬೈಯುತ್ತಾ ಹುಡುಕುತ್ತಿದ್ದಾರೋ ಅನ್ನುವುದು ಆ ಅಂಕಿಗೆ ತಿಳಿಯದು. ನಿಮ್ಮ ಸಿಟ್ಟು, ಈ ಲೆಕ್ಕವೆಲ್ಲ ತೋರಿಸುವ ನಮ್ಮ ಡ್ಯಾಶ್‌ಬೋರ್ಡ್‌ನಲ್ಲಿ ಹಸಿರು ಬಾಣವಾಗಿ ಕಂಡಿರುತ್ತದೆ! ಇನ್ನು ಮುಂದೆ ಸಮಯ ಮೊದಲ ಸಾಲಿಗೇ ಬರುತ್ತದೆ. ಜಾಹೀರಾತು ವಿಭಾಗದವರ ಗೊಣಗಾಟ ನನಗಿರಲಿ.

ಅಂಕಿಗಳನ್ನು ನಂಬಿ ಓಡಿದವರ ಕಥೆ ಬೇಕಾದಷ್ಟಿದೆ. ವಿಡಿಯೊಗಳನ್ನು ಜನ ಸರಾಸರಿ ಎಷ್ಟು ಹೊತ್ತು ನೋಡುತ್ತಾರೆ ಅನ್ನುವ ಲೆಕ್ಕ ಉಬ್ಬಿತ್ತು ಎಂದು ಫೇಸ್‌ಬುಕ್ 2016ರಲ್ಲಿ ಒಪ್ಪಿಕೊಂಡಿತು. 3 ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಸರಾಸರಿಗೆ ಸೇರಿಸಿಯೇ ಇರಲಿಲ್ಲ. ಆ ವರ್ಷಗಳಲ್ಲಿ ‘ಇನ್ನು ವಿಡಿಯೊದ್ದೇ ಕಾಲ’ ಅಂತ ಬರೆಯುವವರನ್ನು ಮನೆಗೆ ಕಳಿಸಿದ ಸುದ್ದಿಮನೆಗಳಿದ್ದವು. 2018ರ ಜನವರಿಯಲ್ಲಿ ಅದೇ ಫೇಸ್‌ಬುಕ್, ಗೆಳೆಯರ, ಮನೆಯವರ ಪೋಸ್ಟ್‌ಗಳನ್ನು ಮುಂದೆ ತಂದು ಸುದ್ದಿಯನ್ನು ಹಿಂದಕ್ಕೆ ಸರಿಸಿತು. ನನ್ನ ಹೊಟ್ಟೆ ಉರಿಸಿದ್ದು ಮಾತ್ರ 2023ರ ಸಂಗತಿ. ಗೂಗಲ್ ಹುಡುಕಾಟದಲ್ಲಿ ಮೇಲೆ ಬರುವ ಆಸೆಗೆ ಅಮೆರಿಕದ ತಂತ್ರಜ್ಞಾನ ಸುದ್ದಿತಾಣ ಸಿನೆಟ್ ತನ್ನ ಸಾವಿರಾರು ಹಳೆಯ ಬರಹಗಳನ್ನು ತೆಗೆದುಹಾಕಿತು. ಹಳೆಯದು ಅನ್ನುವ ಒಂದೇ ಕಾರಣಕ್ಕೆ ಅಳಿಸಬೇಕಾಗಿಲ್ಲ ಎಂದು ಗೂಗಲ್‌ನವರೇ ಹೇಳುತ್ತಿದ್ದರು. ಪತ್ರಿಕೆಯ ಹಳೆಯ ಸಂಚಿಕೆ ಎಂದರೆ ದಾಖಲೆ. ಅದನ್ನು ಕಸ ಅಂದುಕೊಂಡರೆ ಏನು ಹೇಳುವುದು?

ತಲೆಬರಹ ಹೇಗಾದರೂ ಇರಲಿ, ನನಗೆ ಜಾಸ್ತಿ ಚಿಂತೆ ಇರುವುದು ಅದಕ್ಕೂ ಮೊದಲಿನ ಹಂತದ್ದು. ಹುಡುಕುವ ಪಟ್ಟಿಯಲ್ಲಿ ಇರುವುದು ಜನಕ್ಕೆ ಆಗಲೇ ಸುಳಿವು ಸಿಕ್ಕ ವಿಷಯ. ಇನ್ನೂ ಹೊರಬರದ ಹಗರಣವನ್ನು ಯಾರು ಹುಡುಕುತ್ತಾರೆ? ವರದಿಗಾರರಿಗೆ ದಿನಾ ಸಂಜೆ ಕ್ಲಿಕ್ಕಿನ ಲೆಕ್ಕ ತೋರಿಸಿ ನೋಡಿ. ಅಂಥ ವಿಷಯ ಪ್ರಸ್ತಾಪಿಸುವುದನ್ನೇ ಬಿಡುತ್ತಾರೆ. ಯಾರೂ ಬೇಡ ಅಂದಿರುವುದಿಲ್ಲ, ಸುಮ್ನೆ ಬಿಟ್ಟಿರುತ್ತಾರೆ.

ಹಾಗಾಗಿ ನಮ್ಮ ಬೆಳಗಿನ ಸಭೆಗೆ ಆ ಅಂಕಿಗಳನ್ನು ತರುವುದಿಲ್ಲ. ಯಾವ ಸುದ್ದಿಗೆ ಯಾರು ಹೋಗಬೇಕು ಎಂದು ತೀರ್ಮಾನ ಆದ ಮೇಲೆ, ತಲೆಬರಹ ಕೊಡುವಾಗ ನೋಡುತ್ತೇವೆ. ಯಾರ ಬರಹಕ್ಕೆ ಎಷ್ಟು ಕ್ಲಿಕ್ಕು ಅನ್ನುವ ಪಟ್ಟಿಯನ್ನು ಗೋಡೆಗೆ ಹಾಕುವ ರೂಢಿಯೂ ನಮ್ಮಲ್ಲಿಲ್ಲ.

– ಸಂಪಾದಕ