ಟರ್ಬೊ ಕೊಳ್ಳುವ ಮುನ್ನ ಆಯಿಲ್ ಪೈಪ್ ಬಿಚ್ಚಿಸಿ

ಪ್ರಶ್ನೆ: ನನ್ನದು 2012ರ 1248 ಸಿಸಿ ಡೀಸೆಲ್ ಕಾರು, 75 ಅಶ್ವಶಕ್ತಿಯದು. 1,40,000 ಕಿ.ಮೀ. ಓಡಿದೆ. ಈಚೆಗೆ ಧಾರವಾಡಕ್ಕೆ ಹೊರಟಾಗ ಖಂಬಾಟ್ಕಿ ಘಾಟಿನಲ್ಲಿ ಗಾಡಿ ಎಳೆಯದಾಯಿತು, ನೀಲಿ ಹೊಗೆಯೂ ಕಾಣಿಸಿತು. ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಟರ್ಬೊ ಹೋಗಿದೆ ಎನ್ನುವ ಮೆಕ್ಯಾನಿಕ್, ಹೊಸದಕ್ಕೆ 24,000, ಒಳಗಿನ ಕೋರ್ (ತಿರುಗುವ ಶಾಫ್ಟ್ ಇರುವ ನಡುಭಾಗ) ಮಾತ್ರ ಬದಲಿಸಲು 9,000, ಮುಂಬೈನ ಕುರ್ಲಾದಿಂದ ಹಳೆಯದನ್ನು ತರಿಸಲು 5,000 ರೂಪಾಯಿ ಕೇಳುತ್ತಾರೆ. ಯಾವುದು ಸರಿ? ಇದೇ ಎಂಜಿನ್ನಿನ 90 ಅಶ್ವಶಕ್ತಿ ಮಾದರಿಯ ಟರ್ಬೊ ಹಾಕಿಸಬಹುದೇ?
– ಓದುಗರು, ಚಿಂಚವಡ, ಪುಣೆ

ಉತ್ತರ: ಮೊದಲು ಟರ್ಬೊ ನಿಜಕ್ಕೂ ಹೋಗಿದೆಯೇ ಎಂಬುದನ್ನು ನಿಮ್ಮ ಕಣ್ಣೆದುರೇ ಖಚಿತಪಡಿಸಿಕೊಳ್ಳಿ. ಗಾಳಿ ಬರುವ ಕಡೆಯ ಪೈಪ್ ಬಿಚ್ಚಿಸಿ, ಟರ್ಬೊದೊಳಗೆ ಕಾಣುವ ಪುಟ್ಟ ರೆಕ್ಕೆಚಕ್ರದ ನಟ್ಟನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಓಡುವಾಗ ಆ ಚಕ್ರದ ಶಾಫ್ಟ್ ಎಣ್ಣೆಯ ಪದರದ ಮೇಲೆ ತೇಲುವುದರಿಂದ, ಎಂಜಿನ್ ನಿಂತಿದ್ದಾಗ ಅದು ಅಡ್ಡಕ್ಕೆ ತುಸು ಅಲುಗುವುದು ಸಹಜ. ಆದರೆ ಹಿಂದಕ್ಕೂ ಮುಂದಕ್ಕೂ ಜಗ್ಗಿದಾಗ ಆಟ ಕೈಗೆ ಸಿಕ್ಕರೆ, ಇಲ್ಲವೇ ರೆಕ್ಕೆಗಳು ಉಜ್ಜಿ ಹೊರಕವಚದಲ್ಲಿ ಹೊಳೆಯುವ ಗೀರು ಬಿದ್ದಿದ್ದರೆ ಅದರ ಆಯುಸ್ಸು ಮುಗಿದಿದೆ. ಇವೆರಡೂ ಇಲ್ಲದಿದ್ದರೆ, ಎಂಜಿನ್ ಒಳಗಿನ ಆವಿಯನ್ನು ಹೊರಬಿಡುವ ಬ್ರೀದರ್ ಪೈಪ್ ನೋಡಿಸಿ. ಅದು ಕಟ್ಟಿಕೊಂಡು ಎಂಜಿನ್ ಒಳಗೆ ಒತ್ತಡ ಹೆಚ್ಚಿದಾಗ, ತನ್ನ ಭಾರದಿಂದಲೇ ಕೆಳಗಿಳಿಯಬೇಕಾದ ಎಣ್ಣೆ ಇಳಿಯಲಾರದೆ ಒಳ್ಳೆಯ ಟರ್ಬೊದಿಂದಲೂ ಸೋರಿ ನೀಲಿ ಹೊಗೆಯಾಗುತ್ತದೆ.

ಹಳೆಯದರ ಆಸೆ ಬಿಡಿ. ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುವ ಶಾಫ್ಟ್ ಹಿಂದಿನವರ ಕೈಯಲ್ಲಿ ಯಾವ ಎಣ್ಣೆ ಕುಡಿದಿತ್ತೋ ಹೇಳುವವರಿಲ್ಲ, ಕೆಟ್ಟರೆ ಬಿಚ್ಚಿ ಕಟ್ಟುವ ಕೂಲಿ ಮತ್ತೆ ನಿಮ್ಮದೇ. ಹೊರಕವಚದಲ್ಲಿ ಬಿರುಕು, ಗೀರು ಇಲ್ಲದಿದ್ದರೆ ನಿಮ್ಮ ಬಜೆಟ್ಟಿಗೆ ಕೋರ್ ಬದಲಾವಣೆಯೇ ಹೊಂದುತ್ತದೆ. ಆದರೆ ಬ್ಯಾಲೆನ್ಸಿಂಗ್ (ಶಾಫ್ಟ್ ಅದುರದೆ ತಿರುಗುವಂತೆ ತೂಕ ಸರಿದೂಗಿಸುವುದು) ಮಾಡಿದ ವರದಿಯನ್ನೂ ಲಿಖಿತ ವಾರಂಟಿಯನ್ನೂ ಕೊಡುವವರಿಂದ ಮಾತ್ರ, ಹಳೆಯ ಟರ್ಬೊದ ತಗಡಿನ ಮೇಲಿರುವ ಪಾರ್ಟ್ ನಂಬರ್ ತೋರಿಸಿಯೇ ಕೊಳ್ಳಿ. ಗಾಡಿಯ ಹೆಸರು ಹೇಳಿದರೆ ಸಾಲದು. 2027ಕ್ಕೆ ಗಾಡಿಗೆ 15 ವರ್ಷ ತುಂಬಿ, ಮರುನೋಂದಣಿಯ ಫಿಟ್‌ನೆಸ್ ಪರೀಕ್ಷೆಯೂ ಮಹಾರಾಷ್ಟ್ರದ ಪರಿಸರ ತೆರಿಗೆಯೂ ಎದುರಾಗುವುದರಿಂದ, ಅದನ್ನು ಆಮೇಲೂ ಇಟ್ಟುಕೊಳ್ಳುವ ಮನಸ್ಸಿದ್ದರೆ ಮಾತ್ರ 24,000 ಸುರಿಯುವುದಕ್ಕೆ ಅರ್ಥವಿದೆ.

90 ಅಶ್ವಶಕ್ತಿಯ ಟರ್ಬೊ ನಿಮ್ಮ ಗಾಡಿಗೆ ಬೇಡ. ನಿಮ್ಮದರಲ್ಲಿ ಟರ್ಬೊವನ್ನು ತಿರುಗಿಸುವ ಹೊಗೆಯ ದಾರಿ ಬದಲಾಗದಂಥದ್ದು. 90ರದರಲ್ಲಿ ಆ ದಾರಿಗೆ ಕೋನ ಬದಲಿಸುವ ರೆಕ್ಕೆಗಳಿದ್ದು, ಅವನ್ನು ಆಳುವ ವ್ಯವಸ್ಥೆ ನಿಮ್ಮ ಇಸಿಯುನಲ್ಲಿ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಇಲ್ಲ. ತಯಾರಕರ ಮೂಲ ವಿನ್ಯಾಸವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಅಡ್ಡಿಯೂ ಇದೆ, ಅಪಘಾತವಾದರೆ ವಿಮೆಯವರಿಗೆ ತಕರಾರೆತ್ತಲು ಅದೇ ನೆಪವಾದೀತು.

ಯಾವುದನ್ನೇ ಹಾಕಿಸಿದರೂ, ಟರ್ಬೊಗೆ ಎಣ್ಣೆ ಒಯ್ಯುವ ಪೈಪನ್ನು ಹೊಸದಾಗಿಯೇ ಹಾಕಿಸಿ. ಹಳೆಯ ಪೈಪನ್ನು ಬೆಳಕಿಗೆ ಹಿಡಿದರೆ ಒಳಗೆ ಕರಿಯ ಇಂಗಾಲ ಕಟ್ಟಿ ತೂತು ಸೂಜಿಮೊನೆಯಷ್ಟೇ ಉಳಿದಿರುವುದುಂಟು. ಕೆಲವು ನೂರು ರೂಪಾಯಿ ಉಳಿಸಲು ಅದನ್ನೇ ತೊಳೆದು ಹಾಕಿಸಿದ ನಾನು, ಹೊಸ ಕೋರನ್ನು ತಿಂಗಳೊಳಗೆ ಕಳೆದುಕೊಂಡಿದ್ದೇನೆ. ಟರ್ಬೊದಿಂದ ಬರುವ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರಿನಲ್ಲಿ ನಿಂತ ಎಣ್ಣೆಯನ್ನು ಪೂರ್ತಿ ಬಸಿಸಿ, ಏಕೆಂದರೆ ಡೀಸೆಲ್ ಎಂಜಿನ್ ಅದನ್ನೇ ಇಂಧನವಾಗಿ ಎಳೆದುಕೊಂಡು ಕೀಲಿ ತಿರುಗಿಸಿದರೂ ನಿಲ್ಲದೆ ಓಡಬಲ್ಲದು. ಎಣ್ಣೆಯ ಜೋಡಣೆಗಳಿಗೆ ಸಿಲಿಕೋನ್ ಅಂಟು ಬಳಿಯಲು ಬಿಡಬೇಡಿ, ಅದರ ಚೂರು ಒಳಗೆ ಹೋದರೆ ದಾರಿ ಮುಚ್ಚಿದಂತೆಯೇ. ಎಣ್ಣೆ, ಫಿಲ್ಟರ್ ಹೊಸದಾಗಿ ಹಾಕಿಸಿ, ಟರ್ಬೊದ ಬಾಯಿಗೆ ಶುದ್ಧ ಎಣ್ಣೆ ಹನಿಸಿ, ಡೀಸೆಲ್ ಹೋಗದಂತೆ ತಡೆದು ಸ್ಟಾರ್ಟರಿನಿಂದ ಹತ್ತು ಸೆಕೆಂಡು ಎಂಜಿನ್ ತಿರುಗಿಸಿದ ನಂತರವೇ ಗಾಡಿ ಚಾಲೂ ಮಾಡಿಸಿ, ಮೊದಲ ಕೆಲವು ನಿಮಿಷ ಆಕ್ಸಿಲರೇಟರ್ ಮುಟ್ಟದೆ ಐಡಲಿಂಗಿನಲ್ಲೇ ಬಿಡಿ.